ಕಂದು ಶರಬತ್ತು

ಗುಜರಾತಿಗೆ ಬಂದ ಕನ್ನಡಿಗರನ್ನು ಮೊದಲು ಕಾಡುವುದು ಇಲ್ಲಿನ ಸಿಹಿ. ಬೇಳೆಗೆ ಬೆಲ್ಲ, ಪಲ್ಯಕ್ಕೆ ಸಕ್ಕರೆ. ನಿಂಬೆ ಶರಬತ್ತಿನಲ್ಲಂತೂ ಹುಳಿಯನ್ನು ಹುಡುಕಬೇಕು. ನಾನು ಮೊದಲು ಕೆಲಸ ಮಾಡಿದ ಸೂರತ್‌ನಲ್ಲಿ ಊರು ದಾಟಿ ಬಾರ್ಡೋಲಿ ಕಡೆ ಹೊರಟರೆ ಕಬ್ಬಿನ ಗದ್ದೆಗಳು. 1928ರ ಸತ್ಯಾಗ್ರಹದ ಪಾಠದಲ್ಲಿ ಓದಿದ ಬಾರ್ಡೋಲಿಯಲ್ಲಿ ಈಗ ದೊಡ್ಡ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬಿನ ಲಾರಿ ಕಂಡಾಗಲೆಲ್ಲ ಮಂಡ್ಯ ನೆನಪಾಗುತ್ತಿತ್ತು.

ನನ್ನ ನಾಲಿಗೆಗೆ ಒಗ್ಗುವ ಶರಬತ್ತು ಸಿಕ್ಕಿದ್ದು ಮಾತ್ರ ವಡೋದರಾದಲ್ಲಿ. ಉತ್ತರಾಯಣದ ದಿನ, ಅಂದರೆ ನಮ್ಮ ಸಂಕ್ರಾಂತಿಯಂದು, ಮನೆ ಮಾಲೀಕರ ತಾಯಿ ಕಡಲೆಬೀಜದ ಚಿಕ್ಕಿ ಮಾಡಿದ್ದರು. ಎಲ್ಲರಿಗೂ ಅವರು ‘ಬಾ’. ಬಾಣಲೆಯ ತಳಕ್ಕೆ ಕಂದು ಪಾಕ ಗಾಜಿನಂತೆ ಅಂಟಿತ್ತು. ತೊಳೆಯಲು ಹಾಕುತ್ತಾರೆ ಅಂದುಕೊಂಡರೆ, ಬಿಸಿನೀರು ಸುರಿದು ಮತ್ತೆ ಒಲೆಗಿಟ್ಟರು. ಆರಿದ ಮೇಲೆ ನಿಂಬೆ ಹಿಂಡಿ, ಚಿಟಿಕೆ ಕಪ್ಪುಪ್ಪು ಹಾಕಿ, ತಾರಸಿಯಲ್ಲಿ ಗಾಳಿಪಟ ಹಿಡಿದು ನಿಂತಿದ್ದ ನಮಗೆ ತಂದರು. ‘ಪೀ ಲೇ, ದೀಕರಾ.’ ಮೊದಲು ಸಿಹಿ, ಅದರ ಬೆನ್ನಿಗೇ ಸಣ್ಣ ಕಹಿ, ಕೊನೆಗೆ ಹುಳಿ.

ಈಗ ಚಿಕ್ಕಿಗಾಗಿ ಕಾಯುವುದಿಲ್ಲ. ದಪ್ಪ ತಳದ ಪಾತ್ರೆಗೆ ಒಂದು ಲೋಟ ಸಕ್ಕರೆ, ಸಣ್ಣ ಉರಿ, ನೀರು ಬೇಡ. ಅಂಚಿನಲ್ಲಿ ಕರಗತೊಡಗಿದಾಗ ಪಾತ್ರೆಯನ್ನೇ ಮೆಲ್ಲಗೆ ಅಲುಗಾಡಿಸಿ. ಜೇನಿನ ಬಣ್ಣ ದಾಟಿ ಹಳೇ ಬೆಲ್ಲದ ಬಣ್ಣಕ್ಕೆ ಬಂದೊಡನೆ ಉರಿ ಆರಿಸಿ. ಇನ್ನರ್ಧ ನಿಮಿಷ ಬಿಟ್ಟರೆ ಕರಕಲು. ಆಗ ಸಕ್ಕರೆ 170 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ನೀರು ಬಿದ್ದರೆ ಸಿಡಿಯುತ್ತದೆ. ಒಂದು ಲೋಟ ಬಿಸಿನೀರನ್ನು ದೂರ ನಿಂತು ಸ್ವಲ್ಪಸ್ವಲ್ಪವೇ ಸುರಿಯಿರಿ. ಮಕ್ಕಳನ್ನು ಅಡುಗೆಮನೆಯಿಂದ ಹೊರಗೆ ಕಳಿಸಿ. ಗಟ್ಟಿಯಾದ ಪಾಕ ಮತ್ತೆ ಕುದಿಸಿದರೆ ಕರಗುತ್ತದೆ. ನಿಂಬೆರಸ ಮಾತ್ರ ಕುಡಿಯುವ ಹೊತ್ತಿಗೆ, ತಣ್ಣಗಾದ ಪಾಕಕ್ಕೆ. ಬಿಸಿಗೆ ಹಿಂಡಿದರೆ ಪರಿಮಳ ಹೋಗುತ್ತದೆ.

ಅಹಮದಾಬಾದಿಗೆ ಬಂದ ಮೇಲೆ ಇದು ಬರೀ ರುಚಿಯ ಮಾತಾಗಿ ಉಳಿಯಲಿಲ್ಲ. 2010ರ ಮೇ ತಿಂಗಳಲ್ಲಿ ಇಲ್ಲಿ ತಾಪಮಾನ 46.8 ಡಿಗ್ರಿ ಮುಟ್ಟಿತ್ತು. ಆ ಒಂದೇ ತಿಂಗಳಲ್ಲಿ ಎಂದಿಗಿಂತ 1,344 ಸಾವು ಹೆಚ್ಚಾಗಿದ್ದವು ಎಂದು ಆಮೇಲಿನ ಅಧ್ಯಯನವೊಂದು ಲೆಕ್ಕ ಹಾಕಿತು. 2013ರಲ್ಲಿ ನಗರಪಾಲಿಕೆ ಬಿಸಿಗಾಳಿ ಎದುರಿಸುವ ಯೋಜನೆ ತಂದಿತು. ದಕ್ಷಿಣ ಏಷ್ಯಾದಲ್ಲೇ ಅದು ಮೊದಲನೆಯದು. ಎಸಿಯಲ್ಲಿ ಕೂತ ನಾನು ಬಿಸಿಲಿನ ಎಚ್ಚರಿಕೆಯನ್ನು ಮೊಬೈಲಿನಲ್ಲಿ ಓದುತ್ತೇನೆ. ನನ್ನ ಊಟ ತರುವ ಹುಡುಗ ಮಧ್ಯಾಹ್ನ ಎರಡರ ಬಿಸಿಲಲ್ಲೇ ಬರುತ್ತಾನೆ.

ಇಲ್ಲಿನ ಹಳೇ ಊರಿನಲ್ಲಿ ದಾರಿಹೋಕರಿಗೆ ನೀರಿಡುವ ಜಾಗಕ್ಕೆ ‘ಪರಬ್’ ಅನ್ನುತ್ತಾರೆ. ಥೇಟ್ ನಮ್ಮ ಅರವಟ್ಟಿಗೆ! ಆ ಕನ್ನಡ ಪದ ನನ್ನ ಬಾಯಿಗೆ ಬಂದು ಎಷ್ಟು ವರ್ಷವಾಗಿತ್ತೋ. ಏಪ್ರಿಲ್‌ನಿಂದ ಮಳೆ ಬರುವವರೆಗೆ ನಮ್ಮ ಸೊಸೈಟಿಯ ಗೇಟಿನಲ್ಲೂ ನೀರಿನ ಮಡಕೆ ಇರುತ್ತದೆ. ಭಾನುವಾರ ಅದರ ಪಕ್ಕ ನನ್ನ ಶರಬತ್ತು. ಬಣ್ಣ ನೋಡಿ ಕೋಲಾ ಇರಬೇಕೆಂದು ಕುಡಿದವರು ಹುಳಿಗೆ ಹುಬ್ಬೇರಿಸಿ, ಇನ್ನೊಂದು ಲೋಟ ಕೇಳುತ್ತಾರೆ. ಬೆವರು ಸುರಿಸುವವರಿಗೆಂದು ಉಪ್ಪು ಒಂದು ಚಿಟಿಕೆ ಮುಂದೆ. ಹತ್ತು ಲೀಟರ್ ಮೂರು ಗಂಟೆಯೊಳಗೆ ಖಾಲಿ. ವಾಚ್‌ಮನ್ ಕಾಕಾ ಅವರಿಗೆ ಸಕ್ಕರೆ ಕಾಯಿಲೆ. ಅವರದು ಬೇರೆ ಲೋಟ, ಬರೀ ನಿಂಬೆ, ಉಪ್ಪು, ನೀರು.