ತುತ್ತು ತಡೆದಾಗ

ಗಂಟಲಿನಿಂದ ಜಠರದವರೆಗೆ ಆಹಾರವನ್ನು ಒಯ್ಯುವ ಅನ್ನನಾಳವು ಸುಮಾರು ೨೫ ಸೆಂಟಿಮೀಟರು ಉದ್ದದ ಮೆತ್ತನೆಯ ಕೊಳವೆ. ಪಾಠ ಹೇಳುವಾಗ ನಾವು ಅದನ್ನು ಒಂದೆರಡು ವಾಕ್ಯಗಳಲ್ಲಿ ದಾಟಿ ಜಠರಕ್ಕೆ ಬಂದುಬಿಡುತ್ತೇವೆ. ತುತ್ತು ಅಲ್ಲಿ ತಡೆದಾಗ ಮಾತ್ರ ಅದರ ನೆನಪು.

ನನ್ನ ಸೋದರಮಾವನವರು ಮೊದಲು ರೊಟ್ಟಿಯನ್ನು ಬಿಟ್ಟರು. ಕೆಲವು ವಾರಗಳ ಬಳಿಕ ಕುಚ್ಚಲಕ್ಕಿಯ ಅನ್ನ ಗಟ್ಟಿಯಾಯಿತೆಂದರು. ಅತ್ತೆ ಇನ್ನಷ್ಟು ಬೇಯಿಸಿದರು. ಅನಂತರ ಬರಿಯ ಗಂಜಿ, ತುತ್ತು ತುತ್ತಿಗೂ ನೀರು. "ವಯಸ್ಸಾಯಿತಲ್ಲ ಮಾರಾಯ, ಹಲ್ಲೂ ಇಲ್ಲ" ಎಂದು ತಾವೇ ನಗುತ್ತಿದ್ದರು. ಮಂಗಳೂರಿನ ವೈದ್ಯರಲ್ಲಿಗೆ ಹೋಗುವ ಹೊತ್ತಿಗೆ ಗಂಜಿಯ ತಿಳಿಯೂ ಇಳಿಯುತ್ತಿರಲಿಲ್ಲ. ಅವರು ಉಳಿಯಲಿಲ್ಲ.

ಮೊದಲು ಗಟ್ಟಿ, ಬಳಿಕ ಮೃದು, ಕಡೆಗೆ ದ್ರವ ಎಂಬ ಈ ಕ್ರಮವೇ ಅನ್ನನಾಳದ ಅರ್ಬುದದ, ಎಂದರೆ ಕ್ಯಾನ್ಸರಿನ, ಮುಖ್ಯ ಸೂಚನೆ. ನಾಳವು ಹಿಗ್ಗಬಲ್ಲುದಾದುದರಿಂದ ಗಡ್ಡೆ ಬಹಳಷ್ಟು ಬೆಳೆಯುವ ತನಕ ತಡೆ ತಿಳಿಯದು. ತಿಳಿದ ಮೇಲೂ ಮನುಷ್ಯನು ಊಟವನ್ನೇ ಬದಲಿಸಿಕೊಂಡು ಸುಮ್ಮನಿರುತ್ತಾನೆ. ಕಾರಣವಿಲ್ಲದೆ ತೂಕವಿಳಿಯುವುದು, ಎದೆಯೆಲುಬಿನ ಹಿಂದೆ ನೋವು, ನುಂಗಿದುದು ಮರಳಿ ಬರುವುದು, ಬಿಡದ ಕೆಮ್ಮು, ಸ್ವರ ಒಡೆಯುವುದು ಇವೂ ಜತೆಗೂಡಬಹುದು. ಎಲ್ಲ ತಡೆಯೂ ಅರ್ಬುದವಲ್ಲ. ಆದರೆ ಅದನ್ನು ನಿರ್ಣಯಿಸಬೇಕಾದುದು ಎಂಡೋಸ್ಕೋಪಿಯೂ ಅದರಿಂದ ತೆಗೆದ ಚೂರಿನ ಪರೀಕ್ಷೆಯೂ ಹೊರತು ನೆರೆಮನೆಯ ಕಷಾಯವಲ್ಲ.

ಕಾರಣಗಳನ್ನು ಹೇಳುವಾಗ ಕಾಸರಗೋಡಿನವನಾದ ನನಗೆ ಸಂಕೋಚ. ಬೀಡಿ, ಮದ್ಯ ಇವನ್ನು ತರಗತಿಯಲ್ಲಿ ಖಂಡಿಸುವುದು ಸುಲಭ. ಎರಡೂ ಕೂಡಿದರೆ ಅಪಾಯ ಹಲವು ಮಡಿ. ಆದರೆ ಅಂತಾರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಕೆಯನ್ನೇ ಅರ್ಬುದಕಾರಕವೆಂದಿದೆ; ಹೊಗೆಸೊಪ್ಪು ಸೇರಿದ ತಾಂಬೂಲವು ಬಾಯಿಗಷ್ಟೇ ಅಲ್ಲ, ಅನ್ನನಾಳಕ್ಕೂ ಕೇಡು. ನಮ್ಮ ಜಗಲಿಗಳಲ್ಲಿ ಬಂದವರ ಮುಂದಿಡುವುದೇ ಎಲೆಯಡಕೆಯ ತಟ್ಟೆ. ನನ್ನ ಶಿಕ್ಷಕ ತರಬೇತಿಯ ವೆಚ್ಚ ಹುಟ್ಟಿದುದೂ ಮಾವನವರ ಅಡಕೆ ತೋಟದಲ್ಲಿಯೇ. ಮಕ್ಕಳೆದುರು ಆ ಬೆಳೆಯ ಹೆಸರೆತ್ತುವಾಗ ನಾಲಗೆ ತಡವರಿಸುತ್ತದೆ, ಆದರೂ ಹೇಳುತ್ತೇನೆ.

೬೫ ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕಿದ ಬಿಸಿ ಪಾನೀಯಗಳನ್ನು ೨೦೧೬ರಲ್ಲಿ ಅದೇ ಸಂಸ್ಥೆ ಸಂಭಾವ್ಯ ಕಾರಣಗಳಲ್ಲಿ ಸೇರಿಸಿತು. ಬಹುಕಾಲದ ಹುಳಿತೇಗು ನಾಳದ ಕೆಳಭಾಗದ ರೋಗಕ್ಕೆ ಎಡೆಗೊಡಬಲ್ಲುದು.

ಅಜ್ಜಂದಿರು ಉಣ್ಣುವಾಗ ಎಲೆಯ ಮೇಲೆ ಏನನ್ನು ಬಿಡುತ್ತಾರೆಂದು ನೋಡಲು ಈಚೆಗೆ ಮಕ್ಕಳಿಗೆ ಹೇಳಿದ್ದೆ. "ನಮ್ಮ ಅಜ್ಜ ಈಗ ರೊಟ್ಟಿ ಮುಟ್ಟುವುದಿಲ್ಲ ಮಾಷ್ಟ್ರೇ" ಎಂದಳೊಬ್ಬಳು. ಅವಳ ತಂದೆಯನ್ನು ಕರೆಸಿ ಮಾತಾಡಿದೆ. ಪರೀಕ್ಷೆಯಲ್ಲಿ ಅರ್ಬುದ ಕಾಣಲಿಲ್ಲ. ಜಠರದ ಹುಳಿಯಿಂದ ನಾಳ ಕಿರಿದಾಗಿತ್ತಂತೆ. ಈಗ ಅದನ್ನು ಹಿಗ್ಗಿಸಿದ್ದಾರೆ, ಅಜ್ಜ ರೊಟ್ಟಿ ತಿನ್ನುತ್ತಿದ್ದಾರೆ.