ಡಿಲೀಟ್ ಒತ್ತಬೇಡಿ, ಅತ್ತಿಗೆ

ಲ್ಯಾಪ್‌ಟಾಪಿನ ಪರದೆಯಲ್ಲಿ ಫೋಟೊ ಆ್ಯಪ್‌ನ ಹೆಸರಿನ ಎದುರು ಹಸಿರಾಗಿ ‘ರನ್ನಿಂಗ್’ ಅಂತ ಇರಬೇಕಾದ ಕಡೆ ಕೆಂಪಾಗಿ ‘ಕ್ರ್ಯಾಶ್ಡ್’ ಅಂತಿದೆ. ಅರೆಗಳಿಗೆಯಲ್ಲಿ ಅದು ‘ಡಿಪ್ಲಾಯಿಂಗ್’ ಆಗುತ್ತದೆ, ಪಕ್ಕದ ಚಕ್ರ ತಿರುಗುತ್ತದೆ, ಮತ್ತೆ ಕೆಂಪು. ಮೈಸೂರಿನ ಕುವೆಂಪುನಗರ, ಸಂಜೆ ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿದೆ. ಟಿವಿ ಸ್ಟ್ಯಾಂಡಿನ ಕೆಳಗಿನ ಅರೆಯಲ್ಲಿ ಕಪ್ಪು ಪೆಟ್ಟಿಗೆಯೊಂದು ಸಣ್ಣಗೆ ಗುಂಯ್‌ಗುಡುತ್ತಿದೆ. ಅದರೊಳಗೆ 4 ಟೆರಾಬೈಟಿನ ಎರಡು ಹಾರ್ಡ್‌ಡಿಸ್ಕ್‌ಗಳಿವೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯಲ್ಪಡುತ್ತದೆ. ಇಡೀ ಮನೆತನದ ಫೋಟೊಗಳು ಅಲ್ಲಿವೆ.

ಆ್ಯಪ್‌ನ ಹೊಸ ಆವೃತ್ತಿಗೆಂದು ‘ಅಪ್‌ಡೇಟ್’ ಒತ್ತಿದ್ದ ಅತ್ತಿಗೆಯ ಬೆರಳು ಈಗ ಟಚ್‌ಪ್ಯಾಡಿನ ಮೇಲಿದೆ. ಬಾಣದ ಗುರುತು ‘ಡಿಲೀಟ್’ ಗುಂಡಿಯ ಮೇಲೆ ಬಂದು ನಿಂತಿದೆ.

“ತೆಗೆದು ಹೊಸದಾಗಿ ಹಾಕ್ಬಿಡ್ತೀನಿ ಕಣಪ್ಪ. ಫೋನಲ್ಲಿ ಆ್ಯಪ್ ಕೆಟ್ರೆ ಹಾಗೇ ತಾನೆ ಮಾಡೋದು?”

“ಬೇಡಿ ಅತ್ತಿಗೆ, ಕೈ ತೆಗೀರಿ. ಇದು ಫೋನಲ್ಲ. ಆ ಗುಂಡಿ ಒತ್ತಿದ್ರೆ ಇನ್ನೊಂದು ಪ್ರಶ್ನೆ ಕೇಳತ್ತೆ, ವಾಲ್ಯೂಮ್‌ಗಳನ್ನೂ, ಅಂದ್ರೆ ಒಳಗಿರೋ ದತ್ತಾಂಶಾನೂ, ತೆಗೀಬೇಕಾ ಅಂತ. ಅವಸರದಲ್ಲಿ ಅದಕ್ಕೂ ಹ್ಞೂಂ ಅಂದ್ಬಿಟ್ರೆ ನೀವು ಹಾಕಿದ ಹೆಸರೆಲ್ಲ ಹೋಯ್ತು.”

ಅವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹೆಸರು ಅಂದಮೇಲೆ ಅವರಿಗೆ ಅರ್ಥವಾಗಿದೆ. ಫೋಟೊಗಳೇನೋ ಫೈಲುಗಳಾಗಿ ಡಿಸ್ಕಿನಲ್ಲಿ ಬೇರೆಯೇ ಇವೆ. ಆದರೆ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಳೇ ಕಪ್ಪು-ಬಿಳುಪು ಚಿತ್ರಗಳನ್ನು ಸ್ಕ್ಯಾನ್ ಮಾಡಿ, ಈಕೆ ಯಾರು, ಆ ಮೂಲೆಯಲ್ಲಿ ನಿಂತಿರುವ ಹುಡುಗ ಯಾರು ಅಂತ ಒಬ್ಬೊಬ್ಬರದೂ ಕೇಳಿ ಕೇಳಿ ಅವರು ತುಂಬಿಸಿದ ಹೆಸರು, ಊರು, ವರ್ಷ, ಆಲ್ಬಮ್, ಇವೆಲ್ಲ ಇರುವುದು ಆ್ಯಪ್‌ನ ಡೇಟಾಬೇಸಿನಲ್ಲಿ. ಫೋಟೊ ಉಳಿದು ಡೇಟಾಬೇಸ್ ಹೋದರೆ ಮುಖಗಳು ಉಳಿಯುತ್ತವೆ, ಯಾರು ಅನ್ನುವುದು ಉಳಿಯುವುದಿಲ್ಲ. ಅತ್ತೆಯವರಿಗೆ ಈಗ ಕಣ್ಣು ಮಂಜು. ಆ ಕೆಲಸವನ್ನು ಇನ್ನೊಮ್ಮೆ ಮಾಡಿಸಲಾಗದು.

ಇಂಥ ಆ್ಯಪ್ ಅಂದರೆ ಒಂದೇ ತಂತ್ರಾಂಶವಲ್ಲ. ಫೋಟೊ ತೋರಿಸುವ ಸರ್ವರ್ ಒಂದು ಕಂಟೇನರಿನಲ್ಲಿ, ಅಂದರೆ ತನ್ನದೇ ಪ್ರತ್ಯೇಕ ಆವರಣದಲ್ಲಿ, ಡೇಟಾಬೇಸ್ ಇನ್ನೊಂದರಲ್ಲಿ, ಮುಖ ಗುರುತಿಸುವ ಯಂತ್ರ ಮತ್ತೊಂದರಲ್ಲಿ. ಅಪ್‌ಗ್ರೇಡ್ ಅಂದಾಗ ಬದಲಾಗುವುದು ಈ ಕಂಟೇನರುಗಳ ಇಮೇಜ್, ಅಂದರೆ ಒಳಗಿನ ತಂತ್ರಾಂಶದ ಅಚ್ಚು, ಮಾತ್ರ. ಮದುವೆಮನೆಯಲ್ಲಿ ಅಡುಗೆಭಟ್ಟರ ತಂಡ ಬದಲಾದರೂ ಉಗ್ರಾಣ ಅದೇ ಇರುವಂತೆ, ದತ್ತಾಂಶವಿರುವ ಫೋಲ್ಡರ್ ಅಲ್ಲೇ ಇರುತ್ತದೆ. ಆದ್ದರಿಂದ ಕೆಂಪು ಅಕ್ಷರ ಕಂಡ ಕೂಡಲೇ ದತ್ತಾಂಶ ಹೋಯಿತು ಅಂದುಕೊಳ್ಳಬೇಕಿಲ್ಲ. ನಾನು ಕಂಡಂತೆ, ದತ್ತಾಂಶ ಹೋಗುವುದು ಅಪ್‌ಗ್ರೇಡ್ ಸೋತಾಗ ಅಲ್ಲ, ಸೋತ ಮೇಲಿನ ಗಾಬರಿಯಲ್ಲಿ ನಾವು ಒತ್ತುವ ಗುಂಡಿಗಳಿಂದ.

ಮೊದಲ ಕೆಲಸ ಆ್ಯಪ್ ನಿಲ್ಲಿಸುವುದು. ‘ಸ್ಟಾಪ್’ ಒತ್ತುತ್ತೇನೆ. ಬಿದ್ದು ಎದ್ದು ಮಾಡುತ್ತಿದ್ದ ಚಕ್ರ ನಿಲ್ಲುತ್ತದೆ. ಎರಡನೆಯದು ಸ್ನ್ಯಾಪ್‌ಶಾಟ್. ಈ ಪೆಟ್ಟಿಗೆಯ ಫೈಲ್ ವ್ಯವಸ್ಥೆ ಝಡ್‌ಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ 2001ರಲ್ಲಿ ಶುರುವಾಗಿ 2005ರಲ್ಲಿ ಮೂಲಸಂಕೇತ ಸಮೇತ ಹೊರಬಂದದ್ದು. ಅದು ಹಳೆಯದರ ಮೇಲೆ ಬರೆಯುವುದಿಲ್ಲ, ಹೊಸದನ್ನು ಹೊಸ ಜಾಗದಲ್ಲಿ ಬರೆಯುತ್ತದೆ. ಹಾಗಾಗಿ ‘ಈ ಕ್ಷಣ ಇದ್ದದ್ದು ಹೀಗೇ ಇರಲಿ’ ಎಂದು ಗುರುತು ಹಾಕುವುದಕ್ಕೆ ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ, ಆರಂಭದಲ್ಲಿ ಜಾಗವೂ ಹೆಚ್ಚುಕಮ್ಮಿ ಬೇಡ. ಇನ್ನು ಮುಂದೆ ನಾವು ಏನೇ ಕೆಡಿಸಿದರೂ ಈ ಗಳಿಗೆಗೆ ಮರಳಬಹುದು.

ಆಮೇಲೆ ಸಾಮಾನ್ಯ ಅನುಮಾನಗಳು. ಜಾಗ ಇದೆಯೇ? ಎರಡು ಡಿಸ್ಕ್ ಸೇರಿದ ಪೂಲ್ ಅರ್ಧವೂ ತುಂಬಿಲ್ಲ. ಗಡಿಯಾರ ಸರಿಯಿದೆಯೇ? ಕರೆಂಟ್ ಹೋಗಿ ಬರುವ ನಮ್ಮ ಊರುಗಳಲ್ಲಿ ಇದನ್ನು ನೋಡಲೇಬೇಕು. ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತಿದ್ದರೆ ಕರೆಂಟ್ ಬಂದಾಗ ಪೆಟ್ಟಿಗೆ ಹಳೇ ಇಸವಿಯಲ್ಲಿ ಏಳುತ್ತದೆ. ಆಗ ಪ್ರತಿಯೊಂದು ಭದ್ರತಾ ಪ್ರಮಾಣಪತ್ರವೂ ‘ಇನ್ನೂ ಜಾರಿಗೆ ಬಂದಿಲ್ಲ’ ಎನಿಸಿ, ಹೊರಗಿನಿಂದ ಇಮೇಜ್ ಇಳಿಯುವುದೇ ಇಲ್ಲ. ಇಲ್ಲಿ ಗಡಿಯಾರ ಸರಿಯಿದೆ.

ಇಮೇಜ್ ಪೂರ್ತಿ ಇಳಿದಿದೆಯೇ? ಹೌದು. ಅನೇಕ ಮನೆಗಳಲ್ಲಿ ಇಲ್ಲೇ ಎಡವುತ್ತದೆ, ಕಾರಣ ಮನೆಯೊಳಗೆ ಇರುವುದೇ ಇಲ್ಲ. ಲಾಗಿನ್ ಆಗದೆ ಇಮೇಜ್ ಎಳೆದುಕೊಳ್ಳುವವರಿಗೆ ಇಮೇಜ್‌ಗಳ ಸಾರ್ವಜನಿಕ ಭಂಡಾರವಾದ ಡಾಕರ್ ಹಬ್ 2020ರ ನವೆಂಬರಿನಿಂದ ಐಪಿ ವಿಳಾಸದ ಲೆಕ್ಕದಲ್ಲಿ ಮಿತಿ ಹಾಕಿದೆ. ನಮ್ಮಲ್ಲಿ ಬಹಳಷ್ಟು ಇಂಟರ್ನೆಟ್ ಸಂಪರ್ಕಗಳಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಹತ್ತಾರು ಮನೆಗಳು ಹಂಚಿಕೊಂಡಿರುತ್ತವೆ. ಪಕ್ಕದ ಬೀದಿಯವರು ಆ ಮಿತಿಯನ್ನು ಮುಗಿಸಿದ್ದರೆ ನಿಮ್ಮ ಪೆಟ್ಟಿಗೆಗೆ ‘ಟೂ ಮೆನಿ ರಿಕ್ವೆಸ್ಟ್ಸ್’ ಎಂಬ ಉತ್ತರ. ಉಚಿತ ಖಾತೆಯೊಂದನ್ನು ತೆರೆದು ಲಾಗಿನ್ ಮಾಡಿಕೊಂಡರೆ ಲೆಕ್ಕ ನಿಮ್ಮ ಹೆಸರಿಗೆ ಬರುತ್ತದೆ.

ಇಷ್ಟೂ ಸರಿಯಿದೆ ಅಂದಮೇಲೆ ಲಾಗ್.

ಅತ್ತಿಗೆ ಆಗಲೇ ಸರ್ವರಿನ ಲಾಗ್ ತೆರೆದಿದ್ದಾರೆ. ಪರದೆ ತುಂಬ ಒಂದೇ ಸಾಲು ಸುರಿಯುತ್ತಿದೆ: ‘ಕನೆಕ್ಷನ್ ರೆಫ್ಯೂಸ್ಡ್’, ‘ಕನೆಕ್ಷನ್ ರೆಫ್ಯೂಸ್ಡ್’.

“ನೆಟ್‌ವರ್ಕ್ ತೊಂದ್ರೆ ಅಲ್ವಾ ಇದು? ರೌಟರ್ ಆರಿಸಿ ಹಾಕ್ಲಾ?”

“ಅದು ಬೇಡಿ. ಯಾರ ಜೊತೆ ಮಾತಾಡೋಕೆ ಹೋಗಿ ಅವರು ಬಾಗಿಲು ತೆಗೀಲಿಲ್ಲ ಅಂತ ನೋಡಿ. ಡೇಟಾಬೇಸ್. ಅದರ ಲಾಗ್ ತೆಗೀರಿ.”

ಜೋರಾಗಿ ಕೂಗುತ್ತಿರುವ ಕಂಟೇನರಿನಲ್ಲಿ ರೋಗ ಇರುವುದು ಅಪರೂಪ. ಅದು ಇನ್ನೊಬ್ಬರ ನೋವಿಗೆ ಕೂಗುತ್ತಿರುತ್ತದೆ. ಬಿದ್ದದ್ದು ಯಾವುದು ಮೊದಲು ಎಂದು ಹುಡುಕಬೇಕು. ಅದರ ಲಾಗಿನಲ್ಲೂ ಕೊನೆಯ ಸಾಲನ್ನಲ್ಲ, ಮೊದಲ ‘ಫೇಟಲ್’ ಅನ್ನು ಓದಬೇಕು.

ಡೇಟಾಬೇಸಿನ ಲಾಗ್ ಬಹಳ ಚಿಕ್ಕದು. ‘ಫೇಟಲ್: ಡೇಟಾಬೇಸ್ ಫೈಲ್ಸ್ ಆರ್ ಇನ್‌ಕಂಪ್ಯಾಟಿಬಲ್ ವಿತ್ ಸರ್ವರ್’. ಅದರ ಕೆಳಗೆ ವಿವರ: ದತ್ತಾಂಶದ ಫೋಲ್ಡರನ್ನು ಪೋಸ್ಟ್‌ಗ್ರೆಸ್ ಎಂಬ ಈ ಡೇಟಾಬೇಸಿನ 13ನೇ ಆವೃತ್ತಿ ಸಿದ್ಧಪಡಿಸಿದೆ, ಈಗ ಎದ್ದಿರುವುದು 17, ಎರಡಕ್ಕೂ ಹೊಂದುವುದಿಲ್ಲ. ಅಷ್ಟೇ ಹೇಳಿ ಅದು ನಿಂತುಬಿಟ್ಟಿದೆ.

ಟರ್ಮಿನಲ್ ತೆರೆದು ಆ ಫೋಲ್ಡರಿಗೆ ಹೋಗುತ್ತೇನೆ. ಅಲ್ಲಿ ‘ಪಿಜಿ_ವರ್ಷನ್’ ಎಂಬ ಪುಟಾಣಿ ಫೈಲ್. ತೆರೆದರೆ ಎರಡೇ ಅಂಕೆ: 13. ಪಕ್ಕದ ಕಿಟಕಿಯಲ್ಲಿ ಆ್ಯಪ್‌ನ ಕಾಂಪೋಸ್ ಫೈಲ್, ಯಾವ ಕಂಟೇನರಿಗೆ ಯಾವ ಇಮೇಜ್ ಎಂಬ ಪಟ್ಟಿ. ಡೇಟಾಬೇಸಿನ ಇಮೇಜ್ ಸಾಲಿನ ತುದಿಯಲ್ಲಿ 17. ಹೊಸ ಆವೃತ್ತಿಯನ್ನು ಕಟ್ಟಿದವರು ಒಳಗಿನ ಡೇಟಾಬೇಸನ್ನೂ ನಾಲ್ಕು ಮೆಟ್ಟಿಲು ಹತ್ತಿಸಿ ಕಳಿಸಿದ್ದಾರೆ. ‘ಅಪ್‌ಡೇಟ್’ ಎಂಬ ನೀಲಿ ಗುಂಡಿಯ ಪಕ್ಕದಲ್ಲಿ ಈ ವಿಷಯ ಎಲ್ಲೂ ಇಲ್ಲ. ಅದು ಇರಬೇಕಿತ್ತು. ಮನೆಮಂದಿ ಒತ್ತುವ ಗುಂಡಿಗೆ ಅಷ್ಟು ಹೊಣೆ ಇರಲೇಬೇಕು.

ಪೋಸ್ಟ್‌ಗ್ರೆಸ್ ಮಾಡಿದ್ದು ಮಾತ್ರ ಸರಿಯಾದ ಕೆಲಸ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ 1986ರಲ್ಲಿ ಆರಂಭಿಸಿದ ಯೋಜನೆ ಅದರ ಬೇರು. ಈಗ ವರ್ಷಕ್ಕೊಂದು ದೊಡ್ಡ ಆವೃತ್ತಿ ಬರುತ್ತದೆ, ಪ್ರತಿಯೊಂದಕ್ಕೂ ಐದು ವರ್ಷದ ಆರೈಕೆ. ದೊಡ್ಡ ಆವೃತ್ತಿಯಿಂದ ದೊಡ್ಡ ಆವೃತ್ತಿಗೆ ಒಳಗಿನ ಫೈಲುಗಳ ವಿನ್ಯಾಸ ಬದಲಾಗಬಹುದು. ಅರ್ಥವಾಗದ ಫೈಲಿಗೆ ಕೈ ಹಾಕಿ ಕೆಡಿಸುವುದಕ್ಕಿಂತ ಏಳದೇ ಇರುವುದು ಮೇಲು ಎಂದು ಅದನ್ನು ಬರೆದವರು ತೀರ್ಮಾನಿಸಿದ್ದಾರೆ. ಅತ್ತಿಗೆಯ ಹೆಸರುಗಳು ಉಳಿದಿರುವುದು ಆ ತೀರ್ಮಾನದಿಂದ.

ಇನ್ನೊಂದು ಸಮಾಧಾನ. ಡೇಟಾಬೇಸ್ ಏಳಲೇ ಇಲ್ಲವಾದ್ದರಿಂದ ಹೊಸ ಸರ್ವರ್ ಅದರೊಳಗಿನ ಕೋಷ್ಟಕಗಳನ್ನು ಮುಟ್ಟಿಲ್ಲ. ಮುಟ್ಟಿ ಅರ್ಧಕ್ಕೆ ನಿಂತಿದ್ದರೆ ಹಳೇ ಸರ್ವರಿಗೆ ಹೊಸ ಕೋಷ್ಟಕ ಅರ್ಥವಾಗುತ್ತಿರಲಿಲ್ಲ. ಆಗ ಅಪ್‌ಗ್ರೇಡಿಗೆ ಮುಂಚಿನ ಸ್ನ್ಯಾಪ್‌ಶಾಟಿಗೆ ಸರ್ವರ್, ಡೇಟಾಬೇಸ್ ಎರಡನ್ನೂ ಒಟ್ಟಿಗೆ ಹಿಂತಿರುಗಿಸಬೇಕಾಗುತ್ತಿತ್ತು. ಕೆಲವು ತಂತ್ರಾಂಶಗಳು ಈ ವಿಚಾರದಲ್ಲಿ ಕಟ್ಟುನಿಟ್ಟು. ಫೈಲ್ ಹಂಚಿಕೆಯ ನೆಕ್ಸ್ಟ್‌ಕ್ಲೌಡ್ ಒಂದು ದೊಡ್ಡ ಆವೃತ್ತಿಯಿಂದ ಅದರ ಮುಂದಿನದಕ್ಕೆ ಮಾತ್ರ ಬಿಡುತ್ತದೆ. 27ರಲ್ಲಿದ್ದವರು 28ನ್ನು ದಾಟದೆ 29ಕ್ಕೆ ಹೋಗುವಂತಿಲ್ಲ. ವರ್ಷಗಟ್ಟಲೆ ಅಪ್‌ಡೇಟ್ ಮಾಡದೆ ಬಿಟ್ಟು ಒಂದೇ ಸಲ ತುದಿಗೆ ಏರಲು ಹೊರಟವರಿಗೆ ಈ ನಿಯಮ ಎದುರಾಗುತ್ತದೆ.

ಕಾಂಪೋಸ್ ಫೈಲಿನಲ್ಲಿ 17 ಅಳಿಸಿ 13 ಬರೆಯುತ್ತೇನೆ. ಡೇಟಾಬೇಸ್ ಕಂಟೇನರನ್ನು ಮಾತ್ರ ಎಬ್ಬಿಸುತ್ತೇನೆ, ಸರ್ವರ್ ಮಲಗಿರಲಿ. ಲಾಗಿನಲ್ಲಿ ‘ರೆಡಿ ಟು ಅಕ್ಸೆಪ್ಟ್ ಕನೆಕ್ಷನ್ಸ್’. ಅತ್ತಿಗೆ ಉಸಿರು ಬಿಟ್ಟದ್ದು ಕೇಳಿಸುತ್ತದೆ.

“ಬಂತಾ?”

“ಬಂತು. ಆದ್ರೆ ಇನ್ನೂ ಮುಗಿದಿಲ್ಲ ಅತ್ತಿಗೆ. ಈಗ ಎಲ್ಲಾನೂ ಹೊರಗೆ ಬರೆಸಿಕೊಳ್ಳೋಣ.”

‘ಪಿಜಿ_ಡಂಪ್‌ಆಲ್’ ಆದೇಶ ಕೊಡುತ್ತೇನೆ. ಡೇಟಾಬೇಸಿನಲ್ಲಿರುವುದೆಲ್ಲ ಓದಬಲ್ಲ ಆದೇಶಗಳ ರೂಪದಲ್ಲಿ ಒಂದೇ ಪಠ್ಯ ಫೈಲಿಗೆ ಇಳಿಯುತ್ತದೆ. ಅದನ್ನು 17 ಕೂಡ ಓದಬಲ್ಲದು. ಫೈಲಿನ ಗಾತ್ರ ಏರುತ್ತಾ ಹೋಗಿ ನಿಲ್ಲುತ್ತದೆ. ನಿಂತಿತು ಅಂದರೆ ಮುಗಿಯಿತು ಅಂತಲ್ಲ, ಮಧ್ಯದಲ್ಲಿ ಸೋತಿದ್ದರೂ ನಿಲ್ಲುತ್ತದೆ. ಅದಕ್ಕೇ ಕೊನೆಯ ಸಾಲುಗಳನ್ನು ತೆರೆದು ನೋಡಬೇಕು. ಅಲ್ಲಿ ‘ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಡೇಟಾಬೇಸ್ ಕ್ಲಸ್ಟರ್ ಡಂಪ್ ಕಂಪ್ಲೀಟ್’ ಎಂದಿರಬೇಕು. ಇದೆ. ನಡುವೆ ಒಂದು ಕಡೆ ಅತ್ತೆಯವರ ತವರಿನ ಹೆಸರು ಕಾಣುತ್ತದೆ, ಕನ್ನಡ ಅಕ್ಷರದಲ್ಲೇ, ಒಂದು ಒತ್ತಕ್ಷರವೂ ಕೆಡದೆ. ಅತ್ತಿಗೆ ಬಗ್ಗಿ ಪರದೆ ಮುಟ್ಟಿ ತೋರಿಸುತ್ತಾರೆ. ಫೈಲನ್ನು ಲ್ಯಾಪ್‌ಟಾಪಿಗೂ ಒಂದು ಪೆನ್‌ಡ್ರೈವಿಗೂ ನಕಲು ಮಾಡುತ್ತೇನೆ.

ಮುಂದಿನದು ಬೇಗ ಸಾಗುತ್ತದೆ. 13ನ್ನು ನಿಲ್ಲಿಸಿ, ಹಳೇ ಫೋಲ್ಡರಿಗೆ ಬೇರೆ ಹೆಸರು ಕೊಡುತ್ತೇನೆ. ಅಳಿಸುವ ಮಾತೇ ಇಲ್ಲ. ಅದರ ಜಾಗದಲ್ಲಿ ಖಾಲಿ ಫೋಲ್ಡರ್. 17ನ್ನು ಎಬ್ಬಿಸಿದರೆ ‘ಪರ್ಮಿಷನ್ ಡಿನೈಡ್’. ಹೊಸ ಫೋಲ್ಡರ್ ನನ್ನ ಹೆಸರಿನಲ್ಲಿ ಹುಟ್ಟಿದೆ. ಕಂಟೇನರಿನ ಒಳಗೆ ಪೋಸ್ಟ್‌ಗ್ರೆಸ್ ಓಡುವುದು 999ನೇ ಸಂಖ್ಯೆಯ ಬಳಕೆದಾರನಾಗಿ. ಆಲ್ಪೈನ್ ಲಿನಕ್ಸ್ ಆಧರಿಸಿದ ಇಮೇಜ್ ಆಗಿದ್ದರೆ ಆ ಸಂಖ್ಯೆ 70. ಒಡೆತನವನ್ನು 999ಕ್ಕೆ ಬದಲಾಯಿಸಿದ ಮೇಲೆ ಎದ್ದಿತು. ಎಲ್ಲ ಅನುಮತಿಯನ್ನೂ ಎಲ್ಲರಿಗೂ ತೆರೆದುಬಿಡುವ 777 ಪರಿಹಾರವನ್ನು ಯಾರಾದರೂ ಹೇಳಿಕೊಟ್ಟರೆ ಒಪ್ಪಬೇಡಿ, ಅದು ಬಾಗಿಲನ್ನೇ ಕಿತ್ತಿಟ್ಟಂತೆ. ಡಂಪ್ ಫೈಲನ್ನು ಒಳಕ್ಕೆ ಓದಿಸುತ್ತೇನೆ. ‘ರೋಲ್ ಈಗಾಗಲೇ ಇದೆ’ ಎಂಬ ದೋಷವೊಂದು ಬರುತ್ತದೆ. ಆ ಬಳಕೆದಾರ ಹೊಸ ಡೇಟಾಬೇಸಿನಲ್ಲಿ ಆಗಲೇ ಇರುವುದರಿಂದ ಅದು ಬರಬೇಕಾದದ್ದೇ, ತೊಂದರೆಯಿಲ್ಲ.

ಸರ್ವರ್ ಎದ್ದಿತು. ಲಾಗಿನ್ ಪುಟ ಬಂತು. ಇಲ್ಲೊಂದು ಎಚ್ಚರ ಬೇಕು: ಲಾಗಿನ್ ಕೇಳುವ ಬದಲು ‘ಹೊಸ ಅಡ್ಮಿನ್ ಖಾತೆ ತೆರೆಯಿರಿ’ ಎಂದು ಸ್ವಾಗತಿಸಿದರೆ ಆ್ಯಪ್‌ಗೆ ಹಳೇ ದತ್ತಾಂಶ ಕಾಣುತ್ತಿಲ್ಲ ಅಂತ ಅರ್ಥ, ಫೋಲ್ಡರಿನ ದಾರಿ ಎಲ್ಲೋ ತಪ್ಪಿದೆ. ಆಗ ಖಾತೆ ತೆರೆಯಬಾರದು, ಆ್ಯಪ್ ನಿಲ್ಲಿಸಿ ದಾರಿ ಸರಿಪಡಿಸಬೇಕು. ನಮಗೆ ಹಳೇ ಲಾಗಿನ್ನೇ ಬಂದಿದೆ. ಅತ್ತಿಗೆ ಪಾಸ್‌ವರ್ಡ್ ಒತ್ತುತ್ತಾರೆ, ಆಲ್ಬಮ್‌ಗಳು ಒಂದೊಂದಾಗಿ ತುಂಬಿಕೊಳ್ಳುತ್ತವೆ.

ಆದರೂ ಹೆಸರಿನ ಎದುರು ಹಸಿರು ಪೂರ್ತಿ ಬಂದಿಲ್ಲ. ಮುಖ ಗುರುತಿಸುವ ಕಂಟೇನರ್ ಬೀಳುತ್ತಿದೆ, ಲಾಗಿನಲ್ಲಿ ದೂರೇ ಇಲ್ಲ. ಹೀಗೆ ಮಾತಿಲ್ಲದೆ ಸಾಯುವ ಕಂಟೇನರು ಬಿಟ್ಟುಹೋಗುವ ಸುಳಿವು ಅದರ ನಿರ್ಗಮನ ಸಂಖ್ಯೆ. ಇಲ್ಲಿ 137. ಸಂಖ್ಯೆ 128ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ 128 ಕಳೆಯಬೇಕು. ಉಳಿದದ್ದು 9, ಹೊರಗಿನಿಂದ ಬಲವಂತವಾಗಿ ಕೊಂದದ್ದು. ಕರ್ನೆಲ್ಲಿನ ಸಂದೇಶಗಳನ್ನು ತೆರೆದರೆ ‘ಔಟ್ ಆಫ್ ಮೆಮೊರಿ’ ಸಾಲು ಅಲ್ಲೇ ಇದೆ. ಪೆಟ್ಟಿಗೆಯ ರ‍್ಯಾಮ್ 4 ಜಿಬಿ. ಹೊಸ ಆವೃತ್ತಿ ಎಲ್ಲ ಕೆಲಸವನ್ನೂ ಏಕಕಾಲಕ್ಕೆ ಶುರುಮಾಡಿದೆ. ಒಂದು ಹೊತ್ತಿಗೆ ಒಂದೇ ಕೆಲಸ ಎಂದು ಸೆಟ್ಟಿಂಗ್ ಬದಲಾಯಿಸುತ್ತೇನೆ, ಕಂಟೇನರ್ ಬೀಳದೆ ನಿಲ್ಲುತ್ತದೆ. ನಿರ್ಗಮನ ಸಂಖ್ಯೆ 132 ಆಗಿದ್ದರೆ ಉಳಿಯುವುದು 4, ಅಂದರೆ ಪ್ರೊಸೆಸರಿಗೆ ಗೊತ್ತಿಲ್ಲದ ಆದೇಶ. ಉದಾಹರಣೆಗೆ, ಮಾಂಗೊಡಿಬಿ ಎಂಬ ಡೇಟಾಬೇಸಿಗೆ 5.0ರಿಂದ ಮುಂದಕ್ಕೆ ಎವಿಎಕ್ಸ್ ಆದೇಶಗಳಿರುವ ಪ್ರೊಸೆಸರ್ ಬೇಕು; ಮನೆಬಳಕೆಯ ಪೆಟ್ಟಿಗೆಗಳಲ್ಲಿ ಬಹಳ ಕಾಣುವ ಸೆಲೆರಾನ್ ಜೆ4125ರಲ್ಲಿ ಅದಿಲ್ಲ. ಅಲ್ಲಿ ಎಷ್ಟು ಸಲ ಮರುಸ್ಥಾಪಿಸಿದರೂ ಫಲವಿಲ್ಲ, ಹಳೇ ಆವೃತ್ತಿಯಲ್ಲೇ ಇರಬೇಕು ಅಥವಾ ಯಂತ್ರ ಬದಲಿಸಬೇಕು.

“ಇನ್ಮೇಲೆ ಆ ಅಪ್‌ಡೇಟ್ ಗುಂಡೀನೇ ಮುಟ್ಟಲ್ಲ ನಾನು,” ಅನ್ನುತ್ತಾರೆ ಅತ್ತಿಗೆ.

ಅದೂ ಸರಿಯಲ್ಲ. ಮುಟ್ಟದೆ ಬಿಟ್ಟ ತಂತ್ರಾಂಶದಲ್ಲಿ ಭದ್ರತೆಯ ರಂಧ್ರಗಳು ಹಾಗೇ ಉಳಿಯುತ್ತವೆ. ಇಮೇಜ್ ಸಾಲಿನಲ್ಲಿ ‘ಲೇಟೆಸ್ಟ್’ ಎಂದು ಬಿಡದೆ ಆವೃತ್ತಿಯ ಸಂಖ್ಯೆಯನ್ನೇ ಬರೆಯಿರಿ. ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ. ಹೊಸ ಆವೃತ್ತಿಯ ಟಿಪ್ಪಣಿ ಓದಿ. ಡಂಪ್ ತೆಗೆದು, ಅದರ ಕೊನೆಯ ಸಾಲು ನೋಡಿ, ಪೆಟ್ಟಿಗೆಯ ಹೊರಗೊಂದು ಕಡೆ ಇಟ್ಟು, ಆಮೇಲೆ ಒತ್ತಿ. ಎರಡು ಡಿಸ್ಕ್ ಇದೆ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ, ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ.

ನಿಮ್ಮ ಮನೆಯಲ್ಲೂ ಇಂಥದೊಂದು ಪೆಟ್ಟಿಗೆ ಇದ್ದರೆ ಅದರೊಳಗಿನ ಪಿಜಿ_ವರ್ಷನ್ ಫೈಲನ್ನು ಒಮ್ಮೆ ತೆರೆದು ನೋಡಿ. 2020ರಲ್ಲಿ ಬಂದ 13ನೇ ಆವೃತ್ತಿಯ ಆರೈಕೆ 2025ರ ನವೆಂಬರಿಗೇ ನಿಂತಿದೆ. 14ರದು 2026ರ ನವೆಂಬರಿನವರೆಗೆ ಮಾತ್ರ.