ಥಂಡ್ಯಾಗ ನಡಗೋ ಕಾರು

ಈ ಸಲ ಅಡಗಿ ಮಾತಲ್ಲ, ಕಾರಿನ ಮಾತು. ನಗಬ್ಯಾಡ್ರಿ, ಕಡೀತನಾ ಓದ್ರಿ.

ನಮ್ಮತ್ತಿಯವರಿಗೆ ವಾರಕ್ಕ ಮೂರು ಸಲ ಡಯಾಲಿಸಿಸ್ ಅನ್ನೂದು ನಿಮಗ ಗೊತ್ತೇ ಅದ. ಮುಂಜಾನೆ ಆರೂವರಿ ಪಾಳಿ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಬೇಕಂದ್ರ ಐದೂವರಿಗೆ ಮನಿ ಬಿಡಬೇಕು. ನಮ್ಮ ಮನಿಯವರಿಗೆ ಕಣ್ಣಿನ ತ್ರಾಸು, ಕತ್ತಲದಾಗ ಗಾಡಿ ಹೊಡೀಲಿಕ್ಕೆ ಆಗೂದಿಲ್ಲ. ಮಗ ಪುಣೇದಾಗ. ಹಿಂಗಾಗಿ ಐವತ್ತೊಂದನೇ ವಯಸ್ಸಿನಾಗ ನಾನೇ ಸ್ಟೇರಿಂಗ್ ಹಿಡದೆ.

ಹೋದ ಡಿಸೆಂಬರದಾಗ ಶುರು ಆತು ನೋಡ್ರಿ. ಕೀಲಿ ತಿರುವಿದ್ರ ಎಂಜಿನ್ ಚಾಲೂ ಆಗ್ತಿತ್ತು, ಆದ್ರ ಆಕ್ಸಿಲರೇಟರ್ ಮ್ಯಾಲಿಂದ ಕಾಲು ತಗದ್ರ ಸಾಕು, ಥಂಡಿಜ್ವರ ಬಂದವರ ಹಂಗ ಗಡಗಡ ನಡಗೂದು. ಒಂದಿನ ಸರ್ಕಲ್ ಹತ್ರ ನಿಧಾನ ಮಾಡಿದೆ, ಫಟ್ ಅಂತ ಬಂದ್ ಬಿತ್ತು. ಹಿಂದ ಲಾರಿ, ಹಾರ್ನ್ ಮ್ಯಾಲೆ ಹಾರ್ನ್. ಅತ್ತಿಯವರು ಕಣ್ಣು ಮುಚ್ಚಿ ಕೂತಿದ್ರು, ತುಟಿ ಅಷ್ಟೇ ಅಲುಗ್ಯಾಡ್ತಿದ್ವು. ಅವತ್ತು ಇಪ್ಪತ್ತು ನಿಮಿಷ ತಡಾ ಆತು. ಇನ್ನೂ ಸ್ವಲ್ಪ ತಡಾ ಆಗಿದ್ರ ನಮ್ಮ ಪಾಳಿನೇ ತಪ್ಪತಿತ್ತು.

ಹುಬ್ಬಳ್ಳಿಯಿಂದ ಬರೂವಾಗ ಹಂಗೇ ಗ್ಯಾರೇಜಿಗೆ ಒಯ್ದೆ. ಅಷ್ಟೊತ್ತಿಗೆ ಎಂಜಿನ್ ಬಿಸಿ ಆಗಿ ಬೆಣ್ಣಿ ಹಂಗ ಓಡ್ತಿತ್ತು. "ಅಕ್ಕಾರ, ಗಾಡಿ ಛಲೋ ಅದ. ನೀವು ಕ್ಲಚ್ ಲಗೂ ಬಿಡ್ತೀರಿ" ಅಂದ ಹುಡುಗ. ಆದ್ರೂ ಮೂರೂ ಪ್ಲಗ್ ಬದಲಿ ಮಾಡಿದ. ಮುಂದಿನ ಸಲ ಥ್ರಾಟಲ್ ಸ್ವಚ್ಛ ಮಾಡಿದ. ಅದಾದ ಮ್ಯಾಲೆ ಹೊಸಾ ಬ್ಯಾಟರಿ. ₹5,000 ಹೋತು, ನಡುಕ ಹೋಗಲಿಲ್ಲ. ಮನ್ಯಾಗೂ ಎಲ್ಲಾರೂ ಕ್ಲಚ್ಚಿನ ಮಾತೇ. ನನಗೂ ಖರೇ ಅನಸ್ಲಿಕತ್ತು. "ನನ್ನ ಕಡಿಂದ ಆಗೂದಿಲ್ಲ, ಡ್ರೈವರ್ ನೋಡು" ಅಂತ ಮಗಗ ಫೋನ್ ಮಾಡಿದೆ.

ಅದನ್ನ ಕೇಳಿ ಅತ್ತಿಯವರು ಅಂದ್ರು, "ನನ್ನ ಮೊಣಕಾಲೂ ಹಂಗೇ ಅಲ್ಲೇನು? ಏಳೂವಾಗ ಜೀವಾ ಹೋಗ್ತದ, ಹನ್ನೆರಡಕ್ಕ ಡಾಕ್ಟರ್ ಮುಂದ ನೆಟ್ಟಗ ನಡೀತೀನಿ. ನೋವಿದ್ದಾಗ ಅವರು ನೋಡೇ ಇಲ್ಲ."

ಆ ಮಾತು ತಲ್ಯಾಗ ಕೂತು ಬಿಡ್ತು. ಹಾಲಿನ ಲೆಕ್ಕದ ವಹಿ ತಗೊಂಡು ಒಂದು ವಾರ ಬರದೆ. ಎಷ್ಟೊತ್ತಿಗೆ ಚಾಲೂ ಮಾಡಿದೆ, ಎಷ್ಟು ನಿಮಿಷ ನಡಗಿತು, ಬಿಸಿ ತೋರಸೋ ಸೂಜಿ ಎಲ್ಲಿತ್ತು ಅಂತ. ಮುಂಜಾನೆ ಏಳೆಂಟು ನಿಮಿಷ ನಡುಕ, ಸೂಜಿ ಮ್ಯಾಲೇರಿದ ಕೂಡ್ಲೆ ಬಂದ್. ಮಧ್ಯಾಹ್ನ ಬಿಸಿ ಇದ್ದಾಗ ಇಲ್ಲೇ ಇಲ್ಲ. ಮತ್ತ ಇನ್ನೊಂದು: ನ್ಯೂಟ್ರಲ್‌ದಾಗ, ಕ್ಲಚ್ ಮುಟ್ಟದೇ ನಿಂತಲ್ಲೇ ನಡಗ್ತದ. ಅಂದ್ರ ತಪ್ಪು ನನ್ನ ಕಾಲಿಂದಲ್ಲ! ಅದನ್ನ ಬರದು ಕೆಳಗ ಎರಡು ಗೆರಿ ಎಳದೆ.

ಶನಿವಾರ ಸಂಜಿಗೆ ಕಾರು ಗ್ಯಾರೇಜಿನಾಗೇ ಬಿಟ್ಟು, "ಮುಂಜಾನೆ ನಾ ಬರೋತನಕ ಚಾಲೂ ಮಾಡಬ್ಯಾಡ" ಅಂತ ಹೇಳಿ ಬಂದೆ. ರವಿವಾರ ಆರಕ್ಕ ಹೋದೆ. ಹುಡುಗ ಆಕಳಿಸ್ಕೋತ ವಹಿ ಓದಿದ, ಬಾನೆಟ್ ಎತ್ತಿ ಚಾಲೂ ಮಾಡಿದ. ಗಡಗಡ ಶುರು. ಕಿವಿಗೊಟ್ಟು ಕೇಳಿದ್ರ ಒಳಗ ಸಣ್ಣಗ ಸುಸ್ ಅಂತಿತ್ತು, ಗ್ಯಾಸ್ಕೆಟ್ ಹಳೇದಾದ ಕುಕ್ಕರಿನ ಹಂಗ. ಒಂದು ರಬ್ಬರ್ ಪೈಪನ್ನ ಪಕ್ಕಡದಿಂದ ಅಮುಕಿ ಹಿಡದ, ನಡುಕ ನಿಂತು ಬಿಡ್ತು. ಬಿಟ್ಟ, ಮತ್ತ ಶುರು. ಪೈಪು ಕೆಳಗಿನ ಕಡೆ, ಕಣ್ಣಿಗೆ ಬೀಳಧಂಗ ಸೀಳಿತ್ತು. ವ್ಯಾಕ್ಯೂಮ್ ಪೈಪ್ ಅಂತಾರಂತ ಅದಕ್ಕ. ಹೊಸಾ ಪೈಪು, ಎರಡು ಕ್ಲಿಪ್ಪು, ಕೂಲಿ ಸೇರಿ ₹250.

ಅವ ತಿಳಿಸಿ ಹೇಳಿದ್ದು ಹಿಂಗ. ಎಂಜಿನ್ ಥಂಡಿ ಇದ್ದಾಗ ಪೆಟ್ರೋಲು ಪೂರಾ ಆವಿ ಆಗೂದಿಲ್ಲ, ಅದಕ್ಕ ಸ್ವಲ್ಪ ಹೆಚ್ಚಿಗಿ ಬೇಕು. ಹಳೇ ಗಾಡಿಗೋಳಿಗೆ ಚೋಕ್ ಎಳೀತಿದ್ದಿಲ್ಲೇನು, ಅದೇ. ಈಗ ಸೆನ್ಸರ್ ಬಿಸಿ ನೋಡಿ ಹೇಳ್ತದ, ಕಂಪ್ಯೂಟರ್ ಲೆಕ್ಕಾ ಹಾಕಿ ಪೆಟ್ರೋಲು ಬಿಡ್ತದ. ಸೀಳಿದ ಪೈಪಿನಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಗ ಹೊಕ್ಕರ ಹದಾ ತಪ್ಪತದ, ಕಲಸಿದ ಕಣಕಕ್ಕ ಯಾರೋ ಹಿಟ್ಟು ಉದುರಿಸಿಧಂಗ. ಬಿಸಿ ಆದ ಮ್ಯಾಲೆ ಇನ್ನೊಂದು ಸೆನ್ಸರ್ ಹೊಗಿ ನೋಡಿ ಪೆಟ್ರೋಲು ಸರಿಮಾಡ್ತದ, ರೋಗ ಮುಚ್ಚಿ ಹೋಗ್ತದ. "ಥಂಡ್ಯಾಗ ನೋಡಿದ್ದಕ್ಕ ಸಿಕ್ತು ಅಕ್ಕಾರ" ಅಂದ. ಕ್ಲಚ್ಚಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನಿಮ್ಮ ಗಾಡಿ ನಡಗಿದ್ರ ನೀವೂ ಹಿಂಗೇ ಬರದಿಡ್ರಿ, ಥಂಡಿ ಇದ್ದಾಗೇ ತೋರಸ್ರಿ. ಆದ್ರ ಶೆಟರ್ ಹಾಕಿ ಒಳಗ ಎಂಜಿನ್ ಚಾಲೂ ಇಡಬ್ಯಾಡ್ರಿ, ಆ ಹೊಗಿ ಜೀವಾ ತಗೀತದ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳಾನೂ ತಗೀಬ್ಯಾಡ್ರಿ, ಕುದಿಯೋ ನೀರು ಮಾರಿಗೆ ಹಾರ್ತದ.

ಸೋಮವಾರ ಅದೇ ಸರ್ಕಲ್‌ದಾಗ ನಿಂತೆ, ಕಾರು ನಡಗಲಿಲ್ಲ. ಹಿಂದ ತಿರುಗಿ ನೋಡಿದೆ, ಅತ್ತಿಯವರಿಗೆ ನಿದ್ದಿ ಹತ್ತಿತ್ತು.

ಹಾಲಿನ ವಹಿ ಈಗ ಮತ್ತ ಅಡಗಿಮನ್ಯಾಗ ಅದ. ಹಿಂದಿನ ಪುಟದಾಗ ಅವರ ಮೊಣಕಾಲಿನ ಲೆಕ್ಕಾ ಬರೀಲಿಕತ್ತೀನಿ, ಎಷ್ಟೊತ್ತಿಗೆ ನೋವು, ಎಷ್ಟೊತ್ತಿಗೆ ಕಡಿಮಿ ಅಂತ. ಮುಂದಿನ ಸಲ ಡಾಕ್ಟರ್ ಮುಂದ ಅದನ್ನೇ ಇಡಾಕಿ ಇದ್ದೀನಿ.